ಹಳದಿ ಮಾತ್ರೆ ಮತ್ತು ಒಂದು ಚೂರು ಬೆಲ್ಲ

ಮದ್ದೂರು ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ ಹೋದ ತಿಂಗಳು ನನ್ನ ಬಿ.ಪಿ. ಮಾತ್ರೆಗೆ ಕಾದು ನಿಂತಿದ್ದೆ. ಅಂಗಡಿಯವನು ಫೋನಿನಲ್ಲಿ ಮುಳುಗಿದ್ದ. ನನ್ನಂಥ ಪಿಂಚಣಿದಾರನ ರಕ್ತದೊತ್ತಡ ಅವನಿಗೆ ಅಷ್ಟೇನೂ ಅವಸರದ ಸಂಗತಿಯಾಗಿರಲಿಲ್ಲ. ಪಕ್ಕದಲ್ಲಿ ತುಂಬು ಬಸುರಿಯೊಬ್ಬಳು ಆಗತಾನೆ ಕೊಂಡ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ ಮುಖ ಹಿಂಡಿದಳು.

"ಥೂ, ತುಕ್ಕಿನ ನಾತ ಕಣಮ್ಮ. ಬಾಯಿಗಾಕಂಡ್ರೆ ವಾಂತಿ ಬತ್ತದೆ."

"ಮೂಗ್ ಮುಚ್ಕಂಡು ನುಂಗು. ಮೈಗೆ ರಕ್ತ ಬ್ಯಾಡ್ವಾ ನಿಂಗೆ?" ಎಂದಳು ಅವಳ ತಾಯಿ.

ಆ ವಾಸನೆ ನನ್ನ ಮೂಗಿಗೂ ಬಂತು. ನೆನೆದ ಮೊಳೆಯ ಮೇಲೆ ಸಕ್ಕರೆ ಪಾಕ ಹುಯ್ದಂಥ ವಾಸನೆ. ಮಾತ್ರೆಯ ಚೀಟಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಎಪ್ಪತ್ತಾರನೇ ಇಸವಿಯ ಮಳೆಗಾಲದಲ್ಲಿ, ಮಂಡ್ಯದ ಪಕ್ಕದ ನಮ್ಮೂರು ಹೊಳಲಿನ ಮನೆಯ ಜಗಲಿಯಲ್ಲಿ, ನನ್ನ ತಂಗಿ ಜಯಿ ಹೆಚ್ಚುಕಮ್ಮಿ ಇದೇ ಮಾತನ್ನು ಹೇಳಿದ್ದಳು. ಅವಳು ಆ ವರ್ಷದ ಭತ್ತದ ಕೊಯ್ಲನ್ನು ನೋಡಲಿಲ್ಲ.

ಆ ವರ್ಷ ನಾನು ಮಲೇರಿಯಾ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ತೊಲಗಿಯೇ ಹೋಯಿತು ಎಂದು ಎಲ್ಲರೂ ನಂಬಿದ್ದ ಚಳಿಜ್ವರ ನಾಲೆಯ ಬಯಲಿಗೆ ಮತ್ತೆ ಬಂದಿತ್ತು. ಸೈಕಲ್ಲಿಗೆ ಒಂದು ಚೀಲ ನೇತುಹಾಕಿಕೊಂಡು ಹೊಳಲಿನಿಂದ ದುದ್ದದವರೆಗಿನ ಹಳ್ಳಿಗಳನ್ನು ಸುತ್ತುವುದು, ಬಾಗಿಲಲ್ಲಿ ನಿಂತು "ಯಾರಿಗಾದ್ರೂ ಜ್ವರವೇ?" ಎಂದು ಕೂಗುವುದು, ಇದ್ದರೆ ಬೆರಳು ಚುಚ್ಚಿ ಗಾಜಿನ ಚೂರಿನ ಮೇಲೆ ರಕ್ತದ ತೊಟ್ಟು ತೆಗೆದುಕೊಳ್ಳುವುದು, ಕಹಿಯಾದ ಬಿಳಿ ಮಾತ್ರೆ ನುಂಗಿಸುವುದು, ಗೋಡೆಯ ಮೇಲೆ ಬಂದುಹೋದ ತಾರೀಖು ಬರೆಯುವುದು. ಇಷ್ಟೇ ಕೆಲಸ. ಜನ ನನ್ನನ್ನು 'ರಕ್ತದ ನಿಂಗ' ಎಂದು ಕರೆಯುತ್ತಿದ್ದರು. "ಸೊಳ್ಳೇನೇ ವಾಸಿ ಕಣ್ಲಾ, ಕುಡುದು ಸುಮ್ಕೆ ಓಯ್ತದೆ. ನೀನು ಕುಡುದು ಗೋಡೆ ಮ್ಯಾಲೆ ಬೇರೆ ಬರ್ದಿಟ್ಟು ಓಯ್ತೀಯಲ್ಲೋ" ಎಂದು ದುದ್ದದ ಮುದುಕರೊಬ್ಬರು ಪ್ರತಿ ಸಲವೂ ಹೇಳಿ, ಪ್ರತಿ ಸಲವೂ ತಾವೇ ಮೊದಲು ನಗುತ್ತಿದ್ದರು. ನನಗೆ ಸರ್ಕಾರಿ ಕೆಲಸದ ಗತ್ತು. ಇಸ್ತ್ರಿ ಅಂಗಿ ಹಾಕಿಕೊಂಡು ಕೆಸರಿನಲ್ಲಿ ಸೈಕಲ್ ಹೊತ್ತು ನಡೆಯುತ್ತಿದ್ದೆ.

ನನ್ನನ್ನು ಕೆರಳಿಸುತ್ತಿದ್ದದ್ದು ಒಂದೇ ವಿಷಯ. ಸೊಳ್ಳೆ ಸಾಯಲೆಂದು ಇಲಾಖೆಯವರು ಮನೆಯೊಳಗಿನ ಗೋಡೆಗಳಿಗೆಲ್ಲ ಡಿಡಿಟಿ ಹೊಡೆದು ಹೋಗುತ್ತಿದ್ದರು. ಅವರ ಬೆನ್ನು ಮರೆಯಾಗುವುದೇ ತಡ, ಹೆಂಗಸರು ಗೌರಿಹಬ್ಬ ಬಂತು, ಮಾರ್ನಮಿ ಬಂತು ಎಂದು ಸಗಣಿ ಸಾರಿಸಿ ಸುಣ್ಣ ಬಳಿದುಬಿಡುತ್ತಿದ್ದರು. ಮದ್ದೆಲ್ಲ ಸುಣ್ಣದ ಅಡಿಯಲ್ಲಿ, ಸೊಳ್ಳೆಗಳು ಸುಣ್ಣದ ಮೇಲೆ. ಊರೆಲ್ಲ ಭಾಷಣ ಮಾಡಿ ಮನೆಗೆ ಬಂದರೆ ನಮ್ಮವ್ವನೇ ಒಳಮನೆಯ ಗೋಡೆಗೆ ಎರಡನೇ ಸುತ್ತು ಸುಣ್ಣ ಎಳೆಯುತ್ತಿದ್ದಳು.

"ಮದ್ದು ಒಡ್ದಿರೋ ಗೋಡೆಗೆ ಸುಣ್ಣ ಬಳೀತಾರೇನವ್ವ? ಊರೋರ್ ಮುಂದೆ ನಾನೇನಂತ ಮಾತಾಡ್ಲಿ?"

"ಮೊದಲ್ನೇ ಬಾಣಂತನಕ್ಕೆ ಮಗ್ಳು ಬತ್ತಾವ್ಳೆ. ಬಸ್ರಿ ಹೆಂಗ್ಸು ಆ ನಾತದಾಗೆ ಮನೀಕಬೇಕೇನ್ಲಾ? ಓಗು, ನಿನ್ ಭಾಸಣ ದುದ್ದದಾಗೆ ಇಟ್ಕೊ."

ಅವ್ವನ ಎದುರು ಯಾವ ಇಲಾಖೆಯೂ ನಿಲ್ಲುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಗದ್ದೆ, ಕಬ್ಬು, ಇಬ್ಬರು ಮಕ್ಕಳು, ಎಲ್ಲವನ್ನೂ ಒಬ್ಬಳೇ ತೂಗಿಸಿದವಳು ಅವಳು. ಯಾರಿಗೂ ತಲೆಬಾಗಿದವಳಲ್ಲ, ಮಗಳ ಹಟಕ್ಕೆ ಮಾತ್ರ ಕರಗುತ್ತಿದ್ದಳು.

ಜಯಿಯನ್ನು ಮಳವಳ್ಳಿಗೆ ಕೊಟ್ಟಿತ್ತು. ಅವಳ ಗಂಡ ಅಲ್ಲಿ ಶಾಲಾ ಮೇಷ್ಟ್ರು. ಮದ್ದೂರಿನಲ್ಲಿ ಬಸ್ಸು ಬದಲಿಸಬೇಕಾದ್ದರಿಂದ ನಾನೇ ಅಲ್ಲಿಗೆ ಹೋಗಿ ಕರೆದುಕೊಂಡು ಬಂದೆ. ಜಿನುಗುಮಳೆ. ಮಳವಳ್ಳಿ ಬಸ್ಸಿನಿಂದ ಗಂಡನ ಕೈ ಹಿಡಿದು ಇಳಿದವಳು ನನ್ನನ್ನು ಕಂಡದ್ದೇ, "ಅಣ್ಣ, ಮೊದ್ಲು ಒಂದೆಳ್ನೀರು ಕೊಡ್ಸು. ನಿಮ್ ಭಾವನ್ನ ಕೇಳುದ್ರೆ ಸೀತ ಆಯ್ತದೆ ಅಂತ ಪಾಠ ಮಾಡ್ತಾರೆ" ಎಂದು ಬಸ್ ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದಳು. ಮೇಷ್ಟ್ರು ನಾಚಿ ಛತ್ರಿ ಸರಿಪಡಿಸಿಕೊಂಡರು. ಮಳೆಯಲ್ಲಿ ನಿಂತು ಎಳನೀರು ಕುಡಿದು, ಗಂಜಿ ಕೆರೆಸಿಕೊಂಡು ತಿಂದು, ಬುರುಡೆಯನ್ನು ಮೇಷ್ಟ್ರ ಕೈಗೆ ಕೊಟ್ಟು ಬಾಯಿ ಒರೆಸಿಕೊಂಡಳು. ನನ್ನ ತಂಗಿಯನ್ನು ನೆನೆದಾಗಲೆಲ್ಲ ನಾನು ಮೊದಲು ನೋಡುವುದು ಆ ಚಿತ್ರವನ್ನೇ, ಆಮೇಲಿನದನ್ನಲ್ಲ.

ಊರಿಗೆ ಬಂದ ವಾರದಲ್ಲೇ ದುದ್ದದಿಂದ ನರ್ಸಮ್ಮ ಬಂದು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ರಕ್ತ ಸಾಲದು ಎಂದು ಎರಡು ಬಗೆಯ ಮಾತ್ರೆ ಕೊಟ್ಟರು. ಕೆಂಪಗೆ ದಪ್ಪಗಿದ್ದದ್ದು ಕಬ್ಬಿಣದ್ದು. ಹಳದಿಯಾಗಿ ಚಿಕ್ಕದಾಗಿದ್ದದ್ದು ಹೊಸ ರಕ್ತ ಹುಟ್ಟುವುದಕ್ಕೂ ಮಗು ಬೆಳೆಯುವುದಕ್ಕೂ ಬೇಕಾದದ್ದು. "ದಿನಾ ಇದೊಂದು, ಅದೊಂದು" ಎಂದು ಅವ್ವನಿಗೆ ಹೇಳಿ ಹೋದರು. ಜಯಿ ಕೆಂಪು ಮಾತ್ರೆಯನ್ನು ಮೂಸಿದಳು. ತುಕ್ಕಿನ ನಾತ ಎಂದಳು. ಮೊದಲ ದಿನವೇ ನುಂಗಿದ್ದನ್ನು ಕೊಟ್ಟಿಗೆಯ ಪಕ್ಕ ಕಕ್ಕಿದಳು.

ಅವ್ವ ಸೋಲುವವಳೇ? ಕೆಂಪು ಒಗ್ಗದಿದ್ದರೆ ಅದರ ಬದಲಿಗೆ ಹಳದಿಯನ್ನೇ ಹೆಚ್ಚು ಕೊಟ್ಟರಾಯಿತು ಎಂದು ತೀರ್ಮಾನಿಸಿದಳು. "ಎರಡೂ ರಕ್ತದ್ದೇ ತಾನೇ? ಇದ್ರಲ್ಲಿ ನಾತ ಇಲ್ಲ, ವಾಂತಿ ಇಲ್ಲ. ತಗಾ." ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ನಮ್ಮ ಆಲೆಮನೆಯದೇ ಬೆಲ್ಲದ ಚೂರಿನ ನಡುವೆ ಒತ್ತಿ ಮಗಳ ಬಾಯಿಗೆ ಹಾಕುತ್ತಿದ್ದಳು. ಮಾತ್ರೆ ಮುಗಿದರೆ ನರ್ಸಮ್ಮನನ್ನು ಕಾಡಿ ತರುತ್ತಿದ್ದಳು. ಅಲ್ಲಿ ಸಿಗದಿದ್ದರೆ ಮೇಷ್ಟ್ರು ಮಳವಳ್ಳಿಯಿಂದ ಬರುವಾಗ ತರಬೇಕಿತ್ತು. ಜಯಿಯ ಕೆನ್ನೆಗೆ ಬಣ್ಣ ಬಂತು. ಅದನ್ನು ಮಾಡಿದ್ದು ಮಾತ್ರೆಯೋ ಬೆಲ್ಲವೋ ತವರುಮನೆಯೋ ಯಾರು ಹೇಳಬೇಕು?

ಮಾರ್ನಮಿ ಕಳೆದು, ಭತ್ತ ಹೊಡೆ ಬಿಚ್ಚುವ ಹೊತ್ತಿಗೆ ಅವಳಿಗೆ ಚಳಿ ಹಿಡಿಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಕಂಬಳಿ ಹೊದ್ದು ಜಗಲಿಯಲ್ಲಿ ಕೂತಿದ್ದವಳ ಹಲ್ಲು ಕಟಕಟ ಎನ್ನುವುದು ಬೀದಿಗೆ ಕೇಳುತ್ತಿತ್ತು. ಊರವರ ಬೆರಳನ್ನೆಲ್ಲ ಚುಚ್ಚಿದವನು ಅವಳ ಬೆರಳಿಗೆ ಎರಡು ಸಲ ಸೂಜಿ ಹಿಡಿದು ಎರಡು ಸಲವೂ ಹಿಂದಕ್ಕೆ ತೆಗೆದೆ. "ಅಯ್ಯೋ, ನೀನ್ ಚುಚ್ತೀಯೋ, ನಾನೇ ಚುಚ್ಕೊಳ್ಲೋ?" ಎಂದಳು, ಆ ನಡುಕದಲ್ಲೂ. ಬಿಳಿ ಮಾತ್ರೆ ಕೊಟ್ಟೆ. ಜ್ವರ ಇಳಿಯಿತು. ಕೆಲವು ದಿನ ಬಿಟ್ಟು ಮತ್ತೆ ಬಂತು. ಮತ್ತೆ ರಕ್ತ ತೆಗೆದು ಈ ಸಲ ಗಾಜಿನ ಚೂರನ್ನು ಎಂದಿನಂತೆ ಅಂಚೆಗೆ ಹಾಕದೆ ನಾನೇ ದುದ್ದದ ಆಸ್ಪತ್ರೆಯ ರಕ್ತ ಪರೀಕ್ಷಕರ ಹತ್ತಿರ ಒಯ್ದೆ. ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ನನ್ನನ್ನು ನೋಡಲು ಕರೆದರು. ರಕ್ತದ ಕಣಗಳ ನಡುವೆ ಸಣ್ಣ ಕುಡುಗೋಲಿನ ಆಕಾರದವು ಬಿದ್ದಿದ್ದವು. ಅದು ಕೆಟ್ಟ ಜಾತಿಯ ಮಲೇರಿಯಾ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಚಿತ್ರದಲ್ಲಿ ನೋಡಿದ್ದೆ, ರಕ್ತದಲ್ಲಿ ನೋಡಿದ್ದು ಅದೇ ಮೊದಲು, ಅದೂ ನನ್ನ ತಂಗಿಯ ರಕ್ತದಲ್ಲಿ.

ಮಂಡ್ಯದ ಡಾಕ್ಟರೊಬ್ಬರಲ್ಲಿಗೆ ಕರೆದುಕೊಂಡು ಹೋದೆವು. ಬಿಳಿ ಮಾತ್ರೆಗೆ ಇದು ಬಗ್ಗುತ್ತಿಲ್ಲ, ಕ್ವಿನೀನ್ ಕೊಟ್ಟರೆ ಎಲ್ಲಿ ಗರ್ಭಕ್ಕೆ ತೊಂದರೆಯಾಗುತ್ತದೋ ಎಂದು ಅವರು ಬಹಳ ಹೊತ್ತು ಯೋಚಿಸಿದರು. ಕೊನೆಗೆ, ಬೆಂಗಳೂರಿನಿಂದ ತರಿಸಿಟ್ಟಿದ್ದ ಹೊಸ ಸಲ್ಫಾ ಜಾತಿಯ ಮಾತ್ರೆಗಳನ್ನು ತಮ್ಮ ಕಣ್ಣೆದುರೇ ನುಂಗಿಸಿದರು. "ಮಲೇರಿಯಾ ಹುಳು ಸಾಯೋದಕ್ಕೆ ಒಂದೆರಡು ದಿನ ಹಿಡಿಯುತ್ತೆ. ರಕ್ತ ತುಂಬ ಕಡಿಮೆಯಾಗಿದೆ, ಚೆನ್ನಾಗಿ ನೋಡಿಕೊಳ್ಳಿ ತಾಯಿ" ಎಂದು ಅವ್ವನಿಗೆ ಹೇಳಿದರು. ಒಳ್ಳೆಯ ಮನುಷ್ಯ. ಆ ದಿನ ಅವರಿಗೆ ತಿಳಿದಿದ್ದರಲ್ಲಿ ಅದಕ್ಕಿಂತ ಸರಿಯಾದದ್ದು ಇರಲಿಲ್ಲ ಎಂದು ಇವತ್ತಿಗೂ ನಂಬುತ್ತೇನೆ.

ಜ್ವರ ನಿಜಕ್ಕೂ ಇಳಿಯಿತು. ಆ ಕೆಲವು ದಿನಗಳು ನಮ್ಮ ಮನೆಯಲ್ಲಿ ಹಬ್ಬದಂತೆ ಇದ್ದವು. ಜಯಿ ಬಸ್ಸಾರು, ಮುದ್ದೆ ಕೇಳಿ ಉಂಡಳು. ಮೇಷ್ಟ್ರು ಬಂದು ಹಜಾರದಲ್ಲಿ ಕೂತು ಮಗುವಿಗೆ ಹೆಸರು ಹುಡುಕಿದರು. "ಎಣ್ಮಗೂನೇ ಆಗ್ಲಿ. ಗಂಡಾದ್ರೆ ನಮ್ಮಣ್ಣನಂಗೆ ಜನದ್ ರಕ್ತ ಕುಡೀತಾನೆ" ಎಂದು ಜಯಿ ನನ್ನನ್ನು ರೇಗಿಸಿದಳು. ಅವ್ವನಂತೂ ಡಾಕ್ಟರ ಮಾತನ್ನು ವೇದವಾಕ್ಯ ಮಾಡಿಕೊಂಡಳು. ಹುಳು ಸತ್ತಿತು, ಇನ್ನು ರಕ್ತ ಊರಬೇಕು. ಹಳದಿ ಮಾತ್ರೆಯ ಲೆಕ್ಕ ಇನ್ನಷ್ಟು ಏರಿತು. ಗದ್ದೆಯಿಂದ ಕೆಸರುಗಾಲಿನಲ್ಲೇ ಓಡಿಬಂದು ಮಗಳ ಬಾಯಿಗೆ ಬೆಲ್ಲ, ಮಾತ್ರೆ ಹಾಕಿ ಮತ್ತೆ ಗದ್ದೆಗೆ ಓಡುತ್ತಿದ್ದಳು. ಅದನ್ನು ನೋಡಿ, ಇಂಥ ತಾಯಿ ಇದ್ದರೆ ಯಾವ ಕಾಯಿಲೆ ತಾನೇ ಏನು ಮಾಡೀತು ಎಂದು ನನಗೆ ಹೆಮ್ಮೆಯಾಗುತ್ತಿತ್ತು.

ಆ ನಡುವೆಯೇ, ದಿನ ತುಂಬುವ ಮೊದಲೇ, ಹೆರಿಗೆಯಾಯಿತು. ಹೆಣ್ಣು. ಅಂಗೈಯಗಲದ ಕೂಸು, ಆದರೆ ಅಳು ಮಾತ್ರ ತಾಯಿಯದೇ, ಬೀದಿಗೆ ಕೇಳುವಂಥದು. ನರ್ಸಮ್ಮ ನೋಡಿ, ಇಷ್ಟು ಜ್ವರದಲ್ಲೂ ಕೂಸು ಗಟ್ಟಿಯಾಗಿ ಉಳಿದಿದೆಯಲ್ಲ ಎಂದು ಆಶ್ಚರ್ಯಪಟ್ಟರು. ಜಯಿ ಅದರ ಕೆನ್ನೆಗೆ ಕೆನ್ನೆ ತಾಗಿಸಿ ಮಲಗಿದ್ದಳು. "ಅವ್ವ, ನೋಡು, ನನ್ ಮೂಗೇ" ಎಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮರುವಾರ ಜ್ವರ ತಿರುಗಿ ಬಂತು. ಈ ಸಲ ಚಳಿ, ನಡುಕ ಯಾವುದೂ ಇರಲಿಲ್ಲ. ಬೆಳಿಗ್ಗೆ ಎದ್ದವಳು ಅವ್ವನನ್ನು "ಅತ್ತೆ" ಎಂದು ಕರೆದಳು. ಕಣ್ಣಿನ ಬಿಳುಪು ಅರಿಸಿನವಾಗಿತ್ತು. ರಸ್ತೆ ಮಳೆಗೆ ಕಿತ್ತು ಹೋಗಿ ಬಸ್ಸು ಬರುತ್ತಿರಲಿಲ್ಲ. ಕಬ್ಬಿನ ಗಾಡಿಗೆ ಹುಲ್ಲು ಹಾಸಿ ಮಲಗಿಸಿ ಮಂಡ್ಯಕ್ಕೆ ಹೊರಟೆವು. ಡಾಕ್ಟರು ನೋಡಿದ ಕೂಡಲೇ ಕ್ವಿನೀನನ್ನು ಗ್ಲೂಕೋಸಿನಲ್ಲಿ ಸೇರಿಸಿ ಏರಿಸಿದರು. ನಾನು ರಕ್ತ ಕೊಟ್ಟೆ. ಮೇಷ್ಟ್ರು ಮಳವಳ್ಳಿಯಿಂದ ಬಂದು ತಲುಪುವ ಹೊತ್ತಿಗೆ ಮರುದಿನ ಮಧ್ಯಾಹ್ನವಾಗಿತ್ತು, ಎಲ್ಲ ಮುಗಿದಿತ್ತು. ಅವ್ವ ಅಳಲಿಲ್ಲ. ಡಾಕ್ಟರ ಮುಂದೆ ನಿಂತು ಒಂದೇ ಮಾತು ಹೇಳಿದಳು: "ನೀವು ಕೊಟ್ಟ ಗುಳಿಗೆ ನುಂಗಿದ್ಲು ಬುದ್ಧಿ. ನರ್ಸಮ್ಮ ಕೊಟ್ಟಿದ್ದೂ ನುಂಗಿದ್ಲು. ಒಂದ್ ಒತ್ತೂ ತಪ್ಪುಸ್ಲಿಲ್ಲ ನಾನು. ಒಂದ್ ಒತ್ತೂ."

ಆ ಮಾತನ್ನು ಅವ್ವ ಆಮೇಲೆ ಬದುಕಿನುದ್ದಕ್ಕೂ ಹೇಳಿದಳು. ಕರ್ಮಕ್ಕೆ ಬಂದವರಿಗೆ, ನೆಂಟರಿಗೆ, ಆಲೆಮನೆಗೆ ಬಂದ ಆಳುಗಳಿಗೆ. ಮಗಳು ಹೋದದ್ದು ದೇವರ ಇಚ್ಛೆ, ತನ್ನ ಕೈಯಲ್ಲಿ ಮಾತ್ರ ಒಂದು ಹೊತ್ತೂ ತಪ್ಪಿಲ್ಲ. ಅವಳು ಅದೊಂದನ್ನು ಹಿಡಿದುಕೊಂಡೇ ಎದ್ದು ನಿಂತಳು, ಎದ್ದು ನಿಂತು ಕೂಸನ್ನು ಸಾಕಿದಳು. ಮೇಷ್ಟ್ರು ಬೇರೆ ಮದುವೆಯಾದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಇತ್ತು, ಈಗಿಲ್ಲ. ಕೂಸಿಗೆ ಶೋಭಾ ಎಂದು ಅವರೇ ಹುಡುಕಿದ್ದ ಹೆಸರನ್ನು ಇಟ್ಟೆವು. ಅಜ್ಜಿಯ ಮಡಿಲಲ್ಲೇ ಬೆಳೆದು, ಮಂಡ್ಯದಲ್ಲಿ ಓದಿ, ಮೈಸೂರಿನಲ್ಲಿ ಜೀವರಸಾಯನಶಾಸ್ತ್ರದ ಅಧ್ಯಾಪಕಿಯಾದಳು.

ಒಂದು ಭಾನುವಾರ ಮೈಸೂರಿನ ಅವಳ ಮನೆಯಲ್ಲಿ ಊಟ ಮಾಡಿ ಕೂತಿದ್ದಾಗ ಅವಳ ಅಮ್ಮನ ಕಾಯಿಲೆಯ ಮಾತು ಬಂತು. ಯಾವ ಮಾತ್ರೆ, ಯಾವಾಗ, ಎಷ್ಟು ಎಂದು ಒಂದೊಂದಾಗಿ ಕೇಳಿದಳು. ನನಗೆ ನೆನಪಿದ್ದದ್ದನ್ನೆಲ್ಲ ಹೇಳಿದೆ. ಹಳದಿ ಮಾತ್ರೆಯ ವಿಷಯ ಬಂದಾಗ ಅವಳು ಹಣ್ಣು ಹೆಚ್ಚುವುದನ್ನು ನಿಲ್ಲಿಸಿದಳು.

"ಮಾವ, ಆ ಪರೋಪಜೀವಿ ರಕ್ತದಲ್ಲಿ ಒಂದು ಎರಡಾಗಬೇಕು, ಎರಡು ನಾಲ್ಕಾಗಬೇಕು ಅಂದ್ರೆ ಅದಕ್ಕೆ ಫೋಲೇಟ್ ಅನ್ನೋ ಒಂದು ಪೋಷಕ ಬೇಕು. ನಮಗೆ ಅದು ಸೊಪ್ಪುಸದೆಯಿಂದ ಬರುತ್ತೆ. ಆ ಹುಳು ಮಾತ್ರ ತನ್ನದೇ ಕಿಣ್ವಗಳನ್ನ ಇಟ್ಕೊಂಡು ತಾನೇ ತಯಾರು ಮಾಡ್ಕೊಳ್ಳುತ್ತೆ. ಡಾಕ್ಟರು ಕೊಟ್ಟ ಮಾತ್ರೆ ಆ ಕಿಣ್ವಗಳಿಗೆ ಹೋಗಿ ಅಡ್ಡ ಕೂತ್ಕೊಳ್ಳುತ್ತೆ. ತಯಾರಿ ನಿಂತ್ರೆ ಹುಳು ಹಸಿದು ಸಾಯುತ್ತೆ."

"ಸರಿ."

"ಆ ಹಳದಿ ಮಾತ್ರೆ ಇದೆಯಲ್ಲ, ಅದು ಅದೇ ಪೋಷಕದ್ದು. ಹೊರಗಿನಿಂದ ಅಷ್ಟೊಂದು ಸಿಕ್ಕಿದ್ರೆ ಕೆಲವು ಅದನ್ನೇ ಎತ್ಕೊಂಡು ಬದುಕಿಬಿಡ್ತವೆ. ಔಷಧದ ಹಿಡಿತ ಸಡಿಲ ಆಗುತ್ತೆ."

ನಾನು ಗದ್ದೆಯ ಮನುಷ್ಯ, ನನಗೆ ಗದ್ದೆಯದೇ ಹೊಳೆಯಿತು. ಕಳೆ ಒಣಗಲೆಂದು ನಾವು ತೂಬು ಮುಚ್ಚುತ್ತೇವೆ, ಮೇಲಿನ ಗದ್ದೆಯಿಂದ ನೀರು ಜಿನುಗುತ್ತಲೇ ಇರುತ್ತದೆ, ಕಳೆ ಹಸಿರಾಗಿಯೇ ಇರುತ್ತದೆ. ಡಾಕ್ಟರು ಮುಚ್ಚಿದ್ದರು. ಅವ್ವ ಕೆಸರುಗಾಲಿನಲ್ಲಿ ಓಡಿಬಂದು ಓಡಿಬಂದು ನೀರು ಹಾಯಿಸಿದ್ದಳು.

"ಹಾಗಾದ್ರೆ ಅವ್ವನೇ..."

"ಗೊತ್ತಿಲ್ಲ ಮಾವ. ನಿಜವಾಗ್ಲೂ ಗೊತ್ತಿಲ್ಲ. ಕೆಲವು ಹುಳುಗಳಲ್ಲಿ ಆ ಕಿಣ್ವದ ರೂಪವೇ ಬದಲಾಗಿರುತ್ತೆ, ಔಷಧ ಅದನ್ನ ಹಿಡಿಯೋಕೇ ಆಗಲ್ಲ. ಹಾಗಿದ್ದಿದ್ರೆ ಅಜ್ಜಿ ಏನು ಕೊಟ್ಟಿದ್ರೂ ಬಿಟ್ಟಿದ್ರೂ ಅಷ್ಟೇ. ಹೊಟ್ಟೆಯಲ್ಲಿ ಮಗು ಇದ್ದಾಗ ಜ್ವರದ ಜೋರೂ ಜಾಸ್ತಿ. ಯಾವುದರಿಂದ ಆಯ್ತು ಅಂತ ಈಗ ಯಾರೂ ಹೇಳೋಕಾಗಲ್ಲ."

"ಅವ್ವನಿಗೆ ಹೇಳಬೇಡ ಕಣಮ್ಮ" ಎಂದೆ. ಅವಳು ಮತ್ತೆ ಹಣ್ಣು ಹೆಚ್ಚತೊಡಗಿದಳು. ಸತ್ತವಳು ಅವಳ ತಾಯಿ. ತಿಳಿದದ್ದನ್ನು ನುಂಗಿಕೋ ಎನ್ನಲು ನನಗೆ ಯಾವ ಹಕ್ಕಿತ್ತು? ಆದರೆ ಅವ್ವನ ಕೈಯಿಂದ ಆ ಒಂದು ಮಾತನ್ನು ಕಿತ್ತುಕೊಂಡರೆ ಅವಳು ಏನನ್ನು ಹಿಡಿದುಕೊಂಡು ನಿಲ್ಲಬೇಕು? ಆ ಭಯ ನನ್ನನ್ನು ಬಹಳ ದಿನ ಕಾಡಿತು.

ಮುಂದೆ ಶೋಭಾ ತಾನೇ ಬಸುರಿಯಾಗಿ ಹೊಳಲಿಗೆ ಬಂದಳು. ಮೈಸೂರಿನಲ್ಲಿ ಇರಬಹುದಿತ್ತು, ಅಜ್ಜಿಯ ಹತ್ತಿರವೇ ಇರುತ್ತೇನೆ ಎಂದು ಹಟ ಹಿಡಿದು ಬಂದಳು. ಅವ್ವನಿಗೆ ಆಗ ಬೆನ್ನು ಬಾಗಿತ್ತು, ಬಾಯಿ ಬಾಗಿರಲಿಲ್ಲ. ಬಂದ ದಿನವೇ ಜಗಲಿಯಲ್ಲಿ ಕೂತು ಶೋಭಾ ತನ್ನ ಚೀಲದಿಂದ ಮಾತ್ರೆಯ ಡಬ್ಬಿ ತೆಗೆದಳು. ಅದೇ ಕೆಂಪು, ಅದೇ ತುಕ್ಕಿನ ವಾಸನೆ. ಜೊತೆಗೆ ಒಂದು ಚಿಕ್ಕ ಡಬ್ಬಿಯಲ್ಲಿ ಹಳದಿ. "ಅಜ್ಜಿ, ನೀನೇ ಇಟ್ಕೊ. ಹೊತ್ತುಹೊತ್ತಿಗೆ ನೀನೇ ಕೊಡಬೇಕು" ಎಂದು ಚಾಚಿದಳು.

ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಬ್ಯಾಡ ಕಣವ್ವ. ನೀನೇ ತಕ್ಕೊ. ನನ್ ಕೈಲಿ ಬ್ಯಾಡ."

"ಯಾಕಜ್ಜಿ?"

ಅವ್ವ ಬೀದಿಯ ಕಡೆ ನೋಡಿದಳು. "ಅವತ್ತು ನರ್ಸಮ್ಮ ದಿನುಕ್ಕೊಂದು ಅಂದಿದ್ಲು. ನಾನು ಆಸೆಗೆ ಜಾಸ್ತಿ ಕೊಟ್ಟೆ. ಒಂದ್ ಒತ್ತೂ ತಪ್ಪುಸ್ಲಿಲ್ಲ ಅಂತ ಎಲ್ರಿಗೂ ಹೇಳ್ತೀನಿ. ಜಾಸ್ತಿ ಕೊಟ್ಟಿದ್ನ ಯಾರ್ಗೂ ಹೇಳ್ಲಿಲ್ಲ. ಅದೇ ಏನಾದ್ರೂ ಆಯ್ತೇನೋ ಅಂತ... ನೀನು ಓದ್ದೋಳು. ಆ ಗುಳಿಗೆ ಏನ್ ಮಾಡ್ತದೆ ಅಂತ ನಿಂಗೆ ಗೊತ್ತಿರ್ತದೆ. ಹೇಳವ್ವ."

ನಾನು ಕಂಬ ಹಿಡಿದುಕೊಂಡು ನಿಂತಿದ್ದೆ. ಕಿಣ್ವದ ಹೆಸರು ಗೊತ್ತಿಲ್ಲದ ಹೆಂಗಸು ಇಷ್ಟೂ ವರ್ಷ ಅದನ್ನೇ ಎದೆಯಲ್ಲಿ ಹೊತ್ತು, ಅದರ ಮೇಲೆ ಆ ಒಂದು ಮಾತಿನ ಸುಣ್ಣ ಬಳಿಯುತ್ತಾ ಬಂದಿದ್ದಳು. ನಾವು ಅವಳಿಂದ ಮುಚ್ಚಿಡಬೇಕಾದದ್ದು ಏನೂ ಉಳಿದಿರಲಿಲ್ಲ.

ಶೋಭಾ ಎದ್ದು ಹೋಗಿ ಅಜ್ಜಿಯ ಪಕ್ಕದಲ್ಲಿ, ಮೈಗೆ ಮೈ ತಾಗಿಸಿ ಕೂತಳು. ಸೆರಗಿನೊಳಗಿಂದ ಆ ಕೈಯನ್ನು ಮೆಲ್ಲಗೆ ಹೊರಗೆ ತೆಗೆದು ಹಳದಿ ಡಬ್ಬಿಯನ್ನು ಅಂಗೈಯಲ್ಲಿ ಇಟ್ಟಳು.

"ಅಮ್ಮನಿಗೆ ಅದರಿಂದ ಏನಾಯ್ತೋ ನನಗೆ ಗೊತ್ತಿಲ್ಲ ಅಜ್ಜಿ. ಡಾಕ್ಟರಿಗೂ ಗೊತ್ತಿರಲಿಲ್ಲ. ಆದ್ರೆ ಆ ಗುಳಿಗೆ ಹೊಟ್ಟೆಯಲ್ಲಿರೋ ಕೂಸು ಬೆಳೆಯೋಕೆ ಕೊಡೋದು. ಅವತ್ತು ಅದನ್ನ ತಿಂದೋಳು ಅಮ್ಮ ಒಬ್ಬಳೇ ಅಲ್ಲ. ನಾನೂ ತಿಂದೆ."

ಅವ್ವ ಅವಳನ್ನು ನೋಡಿದಳು. ಮಗಳು ಸತ್ತ ದಿನ ಬಾರದ ನೀರು ಆವತ್ತು ಬಂತು. ಸುಕ್ಕಿನಲ್ಲಿ ದಾರಿ ಹುಡುಕಿಕೊಂಡು ಗಲ್ಲದವರೆಗೆ ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸಿ ಒಂದೇ ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡಳು. ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಟ್ಟಳು.

ಆಮೇಲೆ ನನ್ನ ಕಡೆ ತಿರುಗಿ, ಹಳೆಯ ಗದರುವ ದನಿಯಲ್ಲೇ, "ಏನ್ಲಾ ನೋಡ್ತಾ ನಿಂತಿದ್ದೀಯಾ, ಓಗಿ ಒಂಚೂರು ಬೆಲ್ಲ ತಗಂಬಾ" ಎಂದಳು.